ಹೊಳೆ ದಾಟುವ ಮುಂಚೆ...

ವಿಮಾನ ಹಾರಿಸಲು ಕಲಿಯುವವರಿಗೆ ಮೇಲೇರುವುದು, ತಿರುಗಿಸುವುದು, ಇಳಿಸುವುದು ಇವೆಲ್ಲ ಕೈಗೆ ಬರುತ್ತವಂತೆ. ಕೈಗೆ ಬರದೆ ತಲೆಗೇ ಹತ್ತಬೇಕಾದ ಪಾಠ ಒಂದಿದೆ, "ಇವತ್ತು ಬೇಡ" ಅನ್ನುವುದು. ಮೋಡ ಹೇಗಿದೆ, ಯಂತ್ರ ಸರಿಯಿದೆಯಾ, ನನ್ನ ಮೈ-ಮನಸ್ಸು ನೆಟ್ಟಗಿವೆಯಾ, ಯಾರಾದರೂ ಅವಸರ ಮಾಡುತ್ತಿದ್ದಾರಾ? ಇಷ್ಟನ್ನು ನೆಲದ ಮೇಲೇ ಕೇಳಿಕೊಳ್ಳಬೇಕು. ನಮ್ಮ ದೇಶದ ನಿಯಮದಲ್ಲಿ ಹಾರಾಟಕ್ಕೆ ಮುಂಚಿನ 12 ಗಂಟೆ ಮದ್ಯ ಮುಟ್ಟುವಂತಿಲ್ಲ.

ಇದನ್ನು ಓದಿದಾಗ ನನಗೆ ನೆನಪಾಗಿದ್ದು ವಿಮಾನ ಅಲ್ಲ, ನಮ್ಮ ರಾಯಚೂರಿನ ಕೃಷ್ಣಾ ನದಿ! 1520ರಲ್ಲಿ ಒಬ್ಬ ಸುಲ್ತಾನ ಈ ಎಲ್ಲ ಪ್ರಶ್ನೆಗಳನ್ನೂ ಬದಿಗಿಟ್ಟು ಹೊಳೆ ದಾಟಿದ್ದ.

ನಮ್ಮದು ಎಡೆದೊರೆ ನಾಡು. ದೇವದುರ್ಗದ ಉತ್ತರಕ್ಕೆ ಕೃಷ್ಣೆ, ಮಾನ್ವಿಯ ದಕ್ಷಿಣಕ್ಕೆ ತುಂಗಭದ್ರೆ, ಎರಡರ ನಡುವೆ ಎರೆಭೂಮಿ. ಈ ನೆಲಕ್ಕಾಗಿ ವಿಜಯನಗರದವರೂ ಬಹಮನಿಗಳೂ, ಆಮೇಲೆ ಬಿಜಾಪುರದವರೂ ಎಷ್ಟು ಸಲ ಬಡಿದಾಡಿದರೋ ಲೆಕ್ಕವಿಲ್ಲ. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದ. ಕೋಟೆ ಉಳಿಸಿಕೊಳ್ಳಲು ಬಿಜಾಪುರದಿಂದ ಇಸ್ಮಾಯಿಲ್ ಆದಿಲ್ ಶಾಹ ಬಂದು ಕೃಷ್ಣೆಯ ಆಚೆ ದಂಡೆಯಲ್ಲಿ ಬೀಡುಬಿಟ್ಟ. ಇನ್ನೂ ಹರೆಯದ ಹುಡುಗ.

ಮುಂದಿನ ಕತೆಯನ್ನು ಫೆರಿಷ್ತಾ ಹೇಳುತ್ತಾನೆ. ಡೇರೆಯಲ್ಲಿ ಪಾನಗೋಷ್ಠಿ ನಡೆದಿತ್ತು. ಇಸ್ಮಾಯಿಲನಿಗೆ ಇದ್ದಕ್ಕಿದ್ದಂತೆ ಈಗಲೇ ದಾಟಬೇಕು ಅನ್ನಿಸಿತು. ಹರಿಗೋಲು ಎಷ್ಟಿವೆ ಅಂತ ಕೇಳಿದ. ಚರ್ಮ ಹೊದಿಸಿ ಸಿದ್ಧವಾದವು ಕೆಲವೇ, ಉಳಿದವಕ್ಕೆ ಇನ್ನೂ ಕೆಲವು ದಿನ ಬೇಕು ಅಂದರು. ಕೇಳಬೇಕಲ್ಲ? ಆನೆ ಹತ್ತಿ ನೀರಿಗಿಳಿದೇಬಿಟ್ಟ. ದಾಟಿದ್ದು ಸೈನ್ಯದ ಒಂದು ಪಾಲು ಮಾತ್ರ. ರಾಯರ ಪಡೆ ಮೇಲೆ ಬಿದ್ದಾಗ ಹಿಂದೆ ಹೊಳೆ, ಮುಂದೆ ಕತ್ತಿ. ಎಷ್ಟೋ ಜನ ನೀರುಪಾಲಾದರು. ಇಸ್ಮಾಯಿಲ್ ಹೇಗೋ ಜೀವ ಉಳಿಸಿಕೊಂಡು, ರಾಯಚೂರು ಮರಳಿ ಪಡೆಯುವ ತನಕ ಮದ್ಯ ಮುಟ್ಟುವುದಿಲ್ಲ ಅಂತ ಶಪಥ ಮಾಡಿದನಂತೆ.

ಆದರೆ ಫೆರಿಷ್ತಾ ಬರೆದದ್ದು 17ನೇ ಶತಮಾನದ ಆರಂಭದಲ್ಲಿ, ಯುದ್ಧವಾಗಿ ಹೆಚ್ಚುಕಡಿಮೆ 90 ವರ್ಷದ ಮೇಲೆ. ಸೋತ ಕಡೆಯವರಿಗೆ ಸೋಲನ್ನು ಹೆಂಡದ ತಲೆಗೆ ಕಟ್ಟುವುದು ಅನುಕೂಲವೂ ಹೌದು! ಇನ್ನೂ ಹತ್ತಿರದ ಕಾಲದವನು ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್. 1535ರ ಸುಮಾರಿಗೆ ಬರೆದವನು. ಅವನಲ್ಲಿ ಹೆಂಡದ ಸುದ್ದಿಯೇ ಇಲ್ಲ. ಅವನ ಸುಲ್ತಾನ ನದಿ ದಾಟಿ, ಕಂದಕ ತೋಡಿ, ಹೊಳೆಯನ್ನು ಬೆನ್ನಿಗಿಟ್ಟುಕೊಂಡು ಕೂರುತ್ತಾನೆ. ಕೊನೆ ಮಾತ್ರ ಇಬ್ಬರಲ್ಲೂ ಒಂದೇ. ಸೋತು ಓಡುವವರನ್ನು ಹೊಳೆ ನುಂಗುತ್ತದೆ.

ನೂನಿಜ್ ಇನ್ನೊಂದು ಸ್ವಾರಸ್ಯ ಹೇಳುತ್ತಾನೆ. ಕೃಷ್ಣದೇವರಾಯನಿಗೂ ಅವಸರವಿತ್ತು. ಶುಕ್ರವಾರ ಒಳ್ಳೆಯದಲ್ಲ, ಶನಿವಾರಕ್ಕೆ ಇಟ್ಟುಕೊಳ್ಳೋಣ ಅಂತ ಮಂತ್ರಿಗಳು ಬೇಡಿಕೊಂಡರು. ರಾಯ ಒಪ್ಪಿದ. ರಾಬರ್ಟ್ ಸೆವೆಲ್ ಲೆಕ್ಕ ಹಾಕಿ ಆ ಶನಿವಾರ 1520ರ ಮೇ 19 ಅಂತ ತೀರ್ಮಾನಿಸಿದ್ದಾನೆ. ಶುಕ್ರವಾರ ಅನ್ನುವ ಕಾರಣ ನಾನೇನೂ ಒಪ್ಪಲ್ಲ ಬಿಡಿ. ಮುಂದೂಡಿದ ಮಾತ್ರಕ್ಕೆ ಗೆಲುವು ಸಲೀಸಾಗಿ ಸಿಗಲೂ ಇಲ್ಲ, ಆದಿಲಶಾಹಿ ತೋಪುಗಳು ರಾಯರ ಮುಂಚೂಣಿಯನ್ನು ಚೆಲ್ಲಾಪಿಲ್ಲಿ ಮಾಡಿದವು. ನನಗೆ ಮುಖ್ಯ ಅನ್ನಿಸೋದು ಬೇರೆ. ಒಂದು ದಂಡೆಯಲ್ಲಿ "ತಡೀರಿ" ಅನ್ನುವವರ ಮಾತಿಗೆ ಬೆಲೆ ಇತ್ತು. ಇನ್ನೊಂದು ದಂಡೆಯಲ್ಲಿ, ಫೆರಿಷ್ತಾನನ್ನು ನಂಬುವುದಾದರೆ, ಇರಲಿಲ್ಲ.

ದೊಡ್ಡವರು ಹೊರಟಾಗ ಬೇಡ ಅನ್ನುವುದು ಇವತ್ತಿಗೂ ಕಷ್ಟ. 2009ರ ಸೆಪ್ಟೆಂಬರ್ 2ರಂದು ಆಂಧ್ರದ ಮುಖ್ಯಮಂತ್ರಿ ವೈ.ಎಸ್. ರಾಜಶೇಖರ ರೆಡ್ಡಿಯವರ ಹೆಲಿಕಾಪ್ಟರ್ ಬೇಗಂಪೇಟೆಯಿಂದ ಚಿತ್ತೂರಿಗೆ ಹೊರಟು, ಕೆಟ್ಟ ಹವಾಮಾನದಲ್ಲಿ ನಲ್ಲಮಲ ಕಾಡಿನಲ್ಲಿ ಬಿತ್ತು. ಐವರೂ ತೀರಿಕೊಂಡರು. ಅದೇ ತಿಂಗಳ ಕೊನೆಗೆ ನಮ್ಮಲ್ಲಿ ಆ ಮಹಾಪ್ರವಾಹ. ಈಗಲೂ ನಾರಾಯಣಪುರ ಜಲಾಶಯದಿಂದ ಹೆಚ್ಚು ನೀರು ಬಿಟ್ಟರೆ ದೇವದುರ್ಗದ ಹೂವಿನಹೆಡಗಿ ಸೇತುವೆ ಮುಳುಗುತ್ತದೆ. ದಾಟಬೇಡಿ ಅನ್ನುವ ಪೊಲೀಸಪ್ಪನ ಮೇಲೆ ರೇಗುವವರು ಆಗಲೂ ಇರುತ್ತಾರೆ. ಹಾರುವುದು ಕಲಿಯುವ ಹುಡುಗನಿಗೆ ಹೇಳಿಕೊಡುವ ಪಾಠ ನಮಗೂ ಬೇಕಲ್ಲವೇ? ಯಾಕೋ ನಾವು ನಿಂತವನನ್ನು ಪುಕ್ಕಲ ಅಂತೀವಿ, ನುಗ್ಗಿದವನನ್ನು ಧೀರ ಅಂತೀವಿ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ.

ಅಂದ ಹಾಗೆ, ಕೃಷ್ಣದೇವರಾಯ 1529ರಲ್ಲಿ ತೀರಿಕೊಂಡ ಮೇಲೆ ಇದೇ ಇಸ್ಮಾಯಿಲ್ ರಾಯಚೂರು, ಮುದಗಲ್ ಎರಡನ್ನೂ ಮರಳಿ ಗೆದ್ದುಕೊಂಡ. ಅವತ್ತು ಕೆಲವೇ ದಿನ ಕಾಯಲಾರದವನು ಕೊನೆಗೆ ಕಾದದ್ದು ಸುಮಾರು ಹತ್ತು ವರ್ಷ!