ಗಾಡಿ ಎಲ್ಲಿ ಓಡಬೇಕು?

ಮೊನ್ನೆ ರಾತ್ರಿ ಹನ್ನೊಂದು ಗಂಟೆಗೆ ಅಕ್ಕನ ಮಗ ಫೋನ್ ಮಾಡಿದ್ದ. ಶ್ರೀನಿವಾಸಪುರದ ಹುಡುಗ, ಕೆನಡಾದ ಒಟ್ಟಾವಾಕ್ಕೆ ಓದೋಕೆ ಹೋಗಿ ಒಂದು ವರ್ಷವಾಯ್ತು. ಈಗ ಅಲ್ಲೊಂದು ಹಳೇ ಕಾರು ತಗೊಂಡಿದ್ದಾನೆ.

"ಮಾವ, ಇಲ್ಲಿ ಎಲ್ರೂ ವಿಂಟರ್ ಟಯರ್ ಹಾಕಿಸು ಅಂತಾರೆ. ಕಾರಲ್ಲಿ ಆಲ್ ಸೀಸನ್ ಟಯರ್ ಇವೆ, ಚೆನ್ನಾಗೇ ಇವೆ. ಒಂಟಾರಿಯೋದಲ್ಲಿ ಕಾನೂನೂ ಇಲ್ಲ. ದುಡ್ಡು ಬೇರೆ ಕಷ್ಟ. ನೀವಿಲ್ಲಿದ್ದಾಗ ಏನು ಮಾಡಿದ್ರಿ?"

ನಾನು ಸ್ವಲ್ಪ ಹೊತ್ತು ಸುಮ್ಮನಾದೆ. ನಾನು ಏನು ಮಾಡಿದ್ದೆ ಅನ್ನೋದನ್ನ ಊರಲ್ಲಿ ಇದುವರೆಗೂ ಯಾರಿಗೂ ಹೇಳಿಲ್ಲ. ಅದನ್ನ ಹೇಳ್ತೀನಿ. ಆದರೆ ಟಯರಿನ ಕಥೆ ನಮ್ಮ ತಾತನ ಎತ್ತಿನ ಗಾಡಿಯಿಂದಲೇ ಶುರುವಾಗಬೇಕು.

ನಮ್ಮ ಊರಿನ ಆಚಾರಿ ಹೊಸ ಗಾಡಿ ಮಾಡೋಕೆ ಒಪ್ಪಿಕೊಳ್ಳುವಾಗ ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ ಅಂತೆ: "ಗಾಡಿ ಎಲ್ಲಿ ಓಡಬೇಕು?" ಹೊಲಕ್ಕೆ ಗೊಬ್ಬರ ಹೊಡೆಯೋದಕ್ಕೋ, ಮುಳಬಾಗಿಲು ಸಂತೆಗೋ, ಕೋಲಾರದವರೆಗೆ ಟಾರು ರಸ್ತೆಯಲ್ಲೋ. ಅದರ ಮೇಲೆ ಚಕ್ರದ ಅಗಲ, ಅದಕ್ಕೆ ಹಾಕೋ ಕಬ್ಬಿಣದ ಪಟ್ಟಿ ಎಲ್ಲ ನಿರ್ಧಾರ. ಪಟ್ಟಿಯನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಮರದ ಚಕ್ರಕ್ಕೆ ತೊಡಿಸಿ, ಮೇಲೆ ನೀರು ಸುರಿದರೆ ಅದು ಕುಗ್ಗಿ ಚಕ್ರವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಿತ್ತು. ಇಂಗ್ಲಿಷಿನ 'ಟಯರ್' ಅನ್ನೋ ಪದ ಕೂಡ ಮೊದಲು ಇದ್ದದ್ದು ಇಂಥ ಕಬ್ಬಿಣದ ಪಟ್ಟಿಗೇ. ರಬ್ಬರು ಬಂದದ್ದು ಆಮೇಲೆ.

ಗಾಳಿ ತುಂಬಿದ ಟಯರಿಗೆ ಮೊದಲು ಪೇಟೆಂಟ್ ಪಡೆದವನು ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್, 1845ರಲ್ಲಿ. ಆಗ ಅದು ಓಡಲಿಲ್ಲ, ಜನ ಮರೆತರು. 1888ರಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಅನ್ನೋ ದನದ ಡಾಕ್ಟರು ಮಗನ ಮೂರು ಚಕ್ರದ ಸೈಕಲ್ಲಿಗೋಸ್ಕರ ಅದನ್ನೇ ಮತ್ತೆ ಕಂಡುಹಿಡಿದ. ಅವನ ಹೆಸರಿನ ಕಂಪನಿ 1936ರಲ್ಲಿ ಬಂಗಾಳದ ಸಾಹಾಗಂಜ್‌ನಲ್ಲಿ ಕಾರ್ಖಾನೆ ಹಾಕಿತು. ಕಾರು ಲಾರಿಗಳ ಜೊತೆಗೆ ಎತ್ತಿನ ಗಾಡಿಗೂ ರಬ್ಬರ್ ಟಯರು ಬಂತು. ನಮ್ಮ ಕಡೆ ಅದಕ್ಕೆ 'ಟಯರ್ ಗಾಡಿ' ಅಂತಲೇ ಹೆಸರು.

ಎಲ್ಲರೂ ಟಯರ್ ಗಾಡಿ ಮಾಡಿಸಿದರೂ ನಮ್ಮ ತಾತ ತುಂಬಾ ವರ್ಷ ಒಪ್ಪಲಿಲ್ಲ. "ನಮ್ಮ ಕರೆಯಂಗಳದ ಜಾಲಿ ಮುಳ್ಳಿಗೆ ನಿಮ್ಮ ಗಾಳಿ ಎಷ್ಟು ದಿನ ನಿಲ್ಲುತ್ತೆ?" ಅನ್ನೋರಂತೆ. ಟಾರು ರಸ್ತೆಯಲ್ಲಿ ಟಯರ್ ಗಾಡಿ ಹಗುರ, ಎತ್ತಿಗೆ ಸುಖ. ಜಾಲಿ ಮುಳ್ಳಿನ ಜಾಡಿನಲ್ಲಿ ದಿನಾ ಪಂಕ್ಚರು. ಕೊನೆಗೆ ಮನೆಗೆ ಹೆಂಚು ತರೋಕೆ ಮಾಲೂರಿಗೆ ಹೋಗೋ ಕೆಲಸ ಬಂದಾಗ, ದಾರಿ ಪೂರ್ತಿ ಟಾರು ಅಂತ ಗೊತ್ತಾದ ಮೇಲೆ, ಅವರೂ ಟಯರ್ ಗಾಡಿ ಮಾಡಿಸಿದರು. ಆದರೆ ಹಳೇ ಗಾಡಿಯನ್ನ ಮಾರಲಿಲ್ಲ. ಹೊಲಕ್ಕೆ ಅದು, ಊರಿಗೆ ಇದು.

ಚಳಿಗಾಲದ ಟಯರಿನ ಚರಿತ್ರೆ ಓದುವಾಗೆಲ್ಲ ನನಗೆ ತಾತನ ಈ ಎರಡು ಗಾಡಿ ನೆನಪಾಗುತ್ತೆ. ಹಿಮದ ದೇಶದವರು ಮಾಡಿದ್ದೂ ಅದನ್ನೇ.

ಕಾರು ಬಂದ ಹೊಸದರಲ್ಲಿ ಅಲ್ಲಿಯ ಜನ ಹಿಮದಲ್ಲಿ ಚಕ್ರಕ್ಕೆ ಹಗ್ಗ ಸುತ್ತುತ್ತಿದ್ದರಂತೆ. 1904ರಲ್ಲಿ ಅಮೆರಿಕದ ಹ್ಯಾರಿ ವೀಡ್ ಹಗ್ಗದ ಬದಲು ಸರಪಳಿ ಮಾಡಿ ಪೇಟೆಂಟ್ ತಗೊಂಡ. 1923ರಲ್ಲಿ ಜಾನ್ ಸೈಪ್ ಅನ್ನೋನು ಜಾರದಿರಲಿ ಅಂತ ರಬ್ಬರಿನಲ್ಲಿ ಬ್ಲೇಡಿನಿಂದ ಗೀರಿದಂಥ ಸಣ್ಣ ಸಣ್ಣ ಸೀಳು ಮಾಡೋದಕ್ಕೆ ಪೇಟೆಂಟ್ ಪಡೆದ. ಇವತ್ತಿಗೂ ಟಯರಿನ ಆ ಸೀಳಿಗೆ ಅವನದೇ ಹೆಸರು. ಆದರೆ ಚಳಿಗಾಲಕ್ಕೆಂದೇ ಬೇರೆ ಟಯರು ಮಾಡಿದವರು ಫಿನ್‌ಲೆಂಡಿನವರು. ಈಗ ನೋಕಿಯನ್ ಅಂತ ಕರೆಯೋ ಕಂಪನಿ 1934ರಲ್ಲಿ ಲಾರಿಗಳಿಗೆ, 1936ರಲ್ಲಿ ಕಾರುಗಳಿಗೆ ಹಿಮದ ಟಯರು ತಂದಿತು.

1960ರ ದಶಕದಲ್ಲಿ ಟಯರಿಗೆ ಲೋಹದ ಮೊಳೆ ಕೂರಿಸೋದು ಜೋರಾಯ್ತು. ಮಂಜುಗಡ್ಡೆಯ ಮೇಲೆ ಹಿಡಿತ ಚೆನ್ನಾಗಿತ್ತು, ಆದರೆ ಹಿಮ ಇಲ್ಲದ ದಿನ ಆ ಮೊಳೆಗಳು ರಸ್ತೆಯನ್ನೇ ಕೆರೆದು ಹಾಕಿದವು. ಒಂಟಾರಿಯೋ 1970ರ ದಶಕದ ಆರಂಭದಲ್ಲೇ ಅದನ್ನ ನಿಷೇಧಿಸಿತು, ಜರ್ಮನಿ 1975ರಲ್ಲಿ. ನಮ್ಮ ಕಬ್ಬಿಣದ ಪಟ್ಟಿಯ ಗಾಡಿಗಳು ಟಾರು ರಸ್ತೆ ಕೆಡಿಸುತ್ತವೆ ಅನ್ನೋ ಜಗಳ ಇತ್ತಲ್ಲ, ಅದೇ ಜಗಳ :)

ಆಮೇಲೆ 1977ರಲ್ಲಿ ಗುಡ್‌ಇಯರ್ ಕಂಪನಿ 'ಟಿಯೆಂಪೊ' ಅನ್ನೋ ಹೆಸರಿನಲ್ಲಿ ಆಲ್ ಸೀಸನ್ ಟಯರು ತಂದಿತು. ಎಲ್ಲ ಕಾಲಕ್ಕೂ ಒಂದೇ ಟಯರು! ವರ್ಷಕ್ಕೆ ಎರಡು ಸಲ ಟಯರು ಬದಲಾಯಿಸೋ ತಾಪತ್ರಯ ತಪ್ಪಿತು ಅಂತ ಉತ್ತರ ಅಮೆರಿಕದ ಜನ ಖುಷಿಯಾಗಿ ತಗೊಂಡರು. ನನ್ನಂಥವನನ್ನ ಮೋಸ ಮಾಡಿದ್ದು ಈ ಹೆಸರೇ.

ಯಾಕೆ ಅಂತ ತಿಳಿಯೋಕೆ ನಮ್ಮ ಬಚ್ಚಲುಮನೆಯ ತೆಂಗಿನೆಣ್ಣೆ ಬಾಟಲಿ ನೋಡಿದರೆ ಸಾಕು. ಡಿಸೆಂಬರ್ ಬೆಳಗ್ಗೆ ಅದು ಗಟ್ಟಿಯಾಗಿರುತ್ತೆ. ಪಕ್ಕದ ಅಡುಗೆಮನೆಯಲ್ಲಿ ಕಡಲೆಕಾಯಿ ಎಣ್ಣೆ ಹಾಗೇ ಹರೀತಿರುತ್ತೆ. ಚಳಿ ಒಂದೇ, ಎಣ್ಣೆ ಬೇರೆ. ರಬ್ಬರಿನದೂ ಹಾಗೇ. ಬೇಸಿಗೆಗೆ ಮಾಡಿದ ಟಯರಿನ ರಬ್ಬರು ಸುಮಾರು 7 ಡಿಗ್ರಿಗಿಂತ ಕೆಳಗೆ ಗಡುಸಾಗುತ್ತಾ ಹೋಗುತ್ತೆ. ರಸ್ತೆಯನ್ನ ಒತ್ತಿ ಹಿಡಿಯಬೇಕಾದ್ದು ಮರದ ಹಾಗೆ ಜಾರುತ್ತೆ. ಚಳಿಗಾಲದ ಟಯರಿಗೆ ಹಾಕೋ ರಬ್ಬರಿನ ಹದವೇ ಬೇರೆ, ಮೈನಸ್ 20ರಲ್ಲೂ ಮೆತ್ತಗಿರುತ್ತೆ. ಆಲ್ ಸೀಸನ್ ಇವೆರಡರ ನಡುವೆ. ನಾಲ್ಕು ಚಕ್ರವೂ ನೆಲವನ್ನ ಮುಟ್ಟೋದು ಸುಮಾರು ಅಂಗೈ ಅಗಲದಷ್ಟು ಜಾಗದಲ್ಲಿ. ಇಡೀ ಸಂಸಾರ ಕೂತಿರೋದು ಆ ನಾಲ್ಕು ಅಂಗೈಗಳ ಮೇಲೆ.

ಈಗ ನನ್ನ ಕಥೆಗೆ ಬರ್ತೀನಿ.

2008ರಲ್ಲಿ ನಾನು ಒಟ್ಟಾವಾದಲ್ಲಿದ್ದೆ. ಆ ಊರಿನ ವಿಚಿತ್ರ ಏನಂದ್ರೆ, ಮಧ್ಯೆ ಒಂದು ನದಿ. ಈಚೆ ದಡ ಒಂಟಾರಿಯೋ, ಸೇತುವೆ ದಾಟಿದರೆ ಕ್ವಿಬೆಕ್ ಪ್ರಾಂತ್ಯದ ಗಾಟಿನೋ. ಕ್ವಿಬೆಕ್ ಸರ್ಕಾರದ ಲೆಕ್ಕದಲ್ಲಿ ಅಲ್ಲಿ ನೂರಕ್ಕೆ ತೊಂಬತ್ತು ಜನ ಕಾನೂನಿಲ್ಲದೆಯೇ ಚಳಿಗಾಲದ ಟಯರು ಹಾಕಿಸುತ್ತಿದ್ದರು. ಹಾಕಿಸದ ಉಳಿದ ಹತ್ತು ಜನರ ಕಾರುಗಳು ಚಳಿಗಾಲದ ಅಪಘಾತಗಳಲ್ಲಿ 38 ಶೇಕಡಾದಲ್ಲಿ ಸಿಕ್ಕಿಕೊಂಡಿದ್ದವು. ಹಾಗಾಗಿ ಕಾನೂನೇ ಮಾಡಿದರು. 2008ರ ಡಿಸೆಂಬರ್ 15ರಿಂದ ಅಲ್ಲಿ ನೋಂದಣಿಯಾದ ಕಾರುಗಳಿಗೆ ಚಳಿಗಾಲದ ಟಯರು ಕಡ್ಡಾಯ. ಇಡೀ ಉತ್ತರ ಅಮೆರಿಕದಲ್ಲಿ ಇಂಥ ಕಾನೂನು ಮಾಡಿದವರಲ್ಲಿ ಅವರೇ ಮೊದಲು. ಸೇತುವೆಯ ಈಚೆ, ಅದೇ ಹಿಮ, ಅದೇ ಚಳಿ, ಆದರೆ ಕಾನೂನಿಲ್ಲ.

ನಾಲ್ಕು ಟಯರಿಗೆ ರಿಮ್ ಸೇರಿ ಏಳೆಂಟು ನೂರು ಡಾಲರ್ ಹೇಳಿದ್ದರು. ಆಗಿನ ಲೆಕ್ಕದಲ್ಲಿ ಮೂವತ್ತು ಸಾವಿರ ರೂಪಾಯಿ. ಅದೇ ತಿಂಗಳು ಊರಿನಿಂದ ಅಪ್ಪನ ಫೋನು. ಮಾವಿನ ತೋಟದ ಪಕ್ಕದ ಬೋರು ಬತ್ತಿದೆ, ಟೊಮೆಟೊ ಒಣಗ್ತಿದೆ, ಇನ್ನೊಂದು ಕೊರೆಸಬೇಕು ಅಂತ. ಕೋಲಾರದ ಕಡೆಯವರಿಗೆ ಬೋರಿನ ಸಂಕಟ ಬಿಡಿಸಿ ಹೇಳಬೇಕಾಗಿಲ್ಲ. ಸಾವಿರ ಅಡಿ ಇಳಿದರೂ ಬರೀ ಧೂಳು ಬರೋ ನೆಲ ನಮ್ಮದು. ನಾನು ದುಡ್ಡು ಕಳಿಸಿದೆ. ಟಯರು ಆಲ್ ಸೀಸನ್ ಇದೆಯಲ್ಲ, ಕಾನೂನೂ ಇಲ್ಲವಲ್ಲ ಅಂತ ಸಮಾಧಾನ ಮಾಡಿಕೊಂಡೆ.

ಆ ಡಿಸೆಂಬರ್ 10ರಿಂದ ಒಟ್ಟಾವಾದಲ್ಲಿ ಬಸ್ ಮುಷ್ಕರ. ಜನವರಿ ಕೊನೆಯವರೆಗೂ ನಡೆಯಿತು. ಬಸ್ಸಿನಲ್ಲಿ ಓಡಾಡ್ತಿದ್ದವರೆಲ್ಲ ಕಾರು ತೆಗೆದರು, ನಾನೂ ತೆಗೆದೆ. ಒಂದು ಸಂಜೆ ಹೆಂಡತಿಯನ್ನ ಕೆಲಸದಿಂದ ಕರ್ಕೊಂಡು ಬರ್ತಿದ್ದೆ. ಎರಡು ವರ್ಷದ ಮಗಳು ಹಿಂದಿನ ಸೀಟಿನಲ್ಲಿ. ಇಳಿಜಾರು, ಕೆಳಗೆ ಸಿಗ್ನಲ್, ಕೆಂಪು ದೀಪ. ವೇಗ ನಲವತ್ತೂ ಇರಲಿಲ್ಲ. ಬ್ರೇಕ್ ಒತ್ತಿದೆ. ಕಾಲಡಿಯಲ್ಲಿ ಗರಗರ ಅಂತ ಸದ್ದು ಬಂತು, ಕಾರು ನಿಲ್ಲಲಿಲ್ಲ. ಜಾರುತ್ತಾ ಹೋಗಿ, ಸಿಗ್ನಲ್ ದಾಟಿ, ಆಚೆ ಬದಿಯ ಹಿಮದ ರಾಶಿಗೆ ಗುದ್ದಿ ನಿಂತಿತು. ಅಡ್ಡರಸ್ತೆಯಲ್ಲಿ ಬರ್ತಿದ್ದ ಟ್ರಕ್ಕೊಂದು ಹಾರ್ನ್ ಹೊಡೀತಾ ನಮ್ಮ ಹಿಂದಿನಿಂದಲೇ ಹಾದು ಹೋಯ್ತು. ಮಗಳು ನಗ್ತಿದ್ದಳು, ಆಟ ಅಂದ್ಕೊಂಡಿದ್ದಳು. ಹೆಂಡತಿ ಮಾತಾಡಲಿಲ್ಲ. ಮಾರನೇ ದಿನ ಸಾಲದಲ್ಲಿ ನಾಲ್ಕು ಟಯರು ಹಾಕಿಸಿದೆ.

ಊರಿಗೆ ಹೇಳಲಿಲ್ಲ. ಹೇಳಿದ್ದರೆ ಅಪ್ಪ ಆ ಬೋರಿನ ನೀರು ಕುಡಿಯುತ್ತಿರಲಿಲ್ಲ. ಅವರು ಹೋಗಿ ನಾಲ್ಕು ವರ್ಷವಾಯ್ತು. ಈಗ ಹೇಳಬಹುದು ಅನ್ನಿಸ್ತು.

ಆಮೇಲೆ ಕುತೂಹಲಕ್ಕೆ ಬೇರೆ ದೇಶಗಳ ಕಾನೂನು ನೋಡಿದೆ. 1934ರಲ್ಲೇ ಹಿಮದ ಟಯರು ಮಾಡಿದ ಫಿನ್‌ಲೆಂಡು ಅದನ್ನ ಕಡ್ಡಾಯ ಮಾಡಿದ್ದು 1978ರಲ್ಲಿ. ಸ್ವೀಡನ್ನು 1999ರಲ್ಲಿ. ಜರ್ಮನಿಯಲ್ಲಿ 2006ರಲ್ಲಿ 'ಹವೆಗೆ ತಕ್ಕ ಟಯರು ಇರಬೇಕು' ಅಂತ ಬರೆದರು. ಹಾಗಂದ್ರೆ ಏನು ಅಂತ ಸ್ಪಷ್ಟವಿಲ್ಲ ಎಂದು 2010ರಲ್ಲಿ ಅಲ್ಲಿನ ಕೋರ್ಟೇ ಹೇಳಿತು, ಅದೇ ಡಿಸೆಂಬರಿನಲ್ಲಿ ಕಾನೂನು ತಿದ್ದಿದರು. ಒಂಟಾರಿಯೋ ಈಗಲೂ ಕಡ್ಡಾಯ ಮಾಡಿಲ್ಲ. 2016ರಿಂದ ಚಳಿಗಾಲದ ಟಯರು ಹಾಕಿಸಿದವರಿಗೆ ವಿಮೆಯಲ್ಲಿ ರಿಯಾಯಿತಿ ಕೊಡಲೇಬೇಕು ಅಂತ ಮಾಡಿದೆ, ಅಷ್ಟೇ. ಎಲ್ಲ ಕಡೆ ಕಾನೂನು ಬಂದದ್ದು ಕೊನೆಗೆ. ಮೊದಲು ನೆಲ, ಆಮೇಲೆ ಪೆಟ್ಟು ತಿಂದ ಜನ, ಆಮೇಲೆ ಸರ್ಕಾರ. ಕಾನೂನಿಲ್ಲ ಅಂದ್ರೆ ಬೇಕಿಲ್ಲ ಅಂತ ಅರ್ಥ ಅಲ್ಲ.

ಹಾಗಾದ್ರೆ ನಮ್ಮ ಕೋಲಾರಕ್ಕೆ? ಖಂಡಿತಾ ಬೇಡ. ಜನವರಿಯಲ್ಲಿ ಬೆಳಗಿನ ಜಾವ ಹತ್ತು ಹದಿನೈದು ಡಿಗ್ರಿಗೆ ಇಳಿದರೆ ನಾವು ಮಫ್ಲರ್ ಸುತ್ತಿಕೊಳ್ತೀವಿ, ಆದರೆ ಟಯರಿಗೆ ಅದು ಚಳಿಯೇ ಅಲ್ಲ. ಹಿಮದ ಟಯರು ನಮ್ಮ ಬಿಸಿಲಿಗೆ ಬೇಗ ಸವೆಯುತ್ತೆ, ಬ್ರೇಕ್ ಹಾಕಿದಾಗ ಇನ್ನೂ ದೂರ ಹೋಗಿ ನಿಲ್ಲುತ್ತೆ. ಹಿಮಾಲಯದ ಕಡೆ ಕಾರು ತಗೊಂಡು ಹೋಗೋರು ಸರಪಳಿಯ ಬಗ್ಗೆ ವಿಚಾರಿಸಿಕೊಳ್ಳಲಿ.

ನಮ್ಮ ಚಳಿಗಾಲದ ಅಪಾಯ ಬೇರೆ. ಕನ್ನಡದಲ್ಲಿ ಮಂಜು ಅಂದ್ರೆ ಅಲ್ಲಿಯ ಹಿಮವೂ ಹೌದು, ಮುಳಬಾಗಿಲು ದಾಟಿ ನಂಗಲಿ ಕಡೆ ಹೋಗುವಾಗ ಬೆಳಗ್ಗೆ ಮುಚ್ಚಿಕೊಳ್ಳೋದೂ ಹೌದು. ಅಲ್ಲಿಯ ಮಂಜು ಕಾಲು ಜಾರಿಸುತ್ತೆ, ಇಲ್ಲಿಯದು ಕಣ್ಣು ಕಟ್ಟುತ್ತೆ. ಅದಕ್ಕೆ ಟಯರಿನಿಂದ ಪರಿಹಾರ ಇಲ್ಲ, ನಿಧಾನವೇ ಪರಿಹಾರ. ಅಕ್ಟೋಬರ್ ನವೆಂಬರಿನ ಹಿಂಗಾರು ಮಳೆ ಇನ್ನೊಂದು. 2021ರ ನವೆಂಬರಿನಲ್ಲಿ ನಮ್ಮ ಕೆರೆಗಳು ಕೋಡಿ ಬಿದ್ದಾಗ ರಸ್ತೆ ಹೇಗಿತ್ತು ನೆನಪಿದೆಯಲ್ಲ? ಟಯರಿನ ಗಾಡಿಯೊಳಗೆ, ಅಂದ್ರೆ ಆ ಸಾಲುಗಳ ನಡುವೆ, 1.6 ಮಿಲಿಮೀಟರ್ ಎತ್ತರದ ಸಣ್ಣ ದಿಬ್ಬ ಇರುತ್ತೆ. ಸವೆದು ಅದರ ಮಟ್ಟಕ್ಕೆ ಬಂದರೆ ನೀರು ಹೊರಗೆ ಹೋಗೋಕೆ ದಾರಿಯೇ ಇಲ್ಲ. ಆ ಟಯರು ಬದಲಾಯಿಸಲೇಬೇಕು.

ಇನ್ನು ಮೂರನೆಯದು, ನಾವೇ ಮಾಡಿಕೊಳ್ಳೋದು. ಡಿಸೆಂಬರ್ ಜನವರಿಯಲ್ಲಿ ಹುರುಳಿ, ರಾಗಿ ತಂದು ರಸ್ತೆಗೆ ಹರಡಿ, ಬಸ್ಸು ಕಾರುಗಳಿಂದ ತುಳಿಸೋದು. ಅದರ ಮೇಲೆ ಬ್ರೇಕ್ ಹಾಕಿದರೆ ಕೆನಡಾಕ್ಕೆ ಹೋಗಬೇಕಾಗಿಲ್ಲ, ಇಲ್ಲೇ ಹಿಮ! ಕಣ ಇಲ್ಲದ ರೈತನ ಕಷ್ಟ ನನಗೂ ಗೊತ್ತು, ನಮ್ಮ ಮನೆಯವರೂ ಹರಡಿದ್ದಾರೆ. ಆದರೂ ಬೈಕಿನಲ್ಲಿ ಬರೋ ಹುಡುಗನಿಗೆ ಅದರಿಂದ ಕಾಪಾಡೋ ಟಯರನ್ನ ಯಾರೂ ಇನ್ನೂ ಮಾಡಿಲ್ಲ.

ಅಕ್ಕನ ಮಗನಿಗೆ ಎಲ್ಲಾ ಹೇಳಿದೆ, ಟ್ರಕ್ಕಿನ ಹಾರ್ನು ಸಮೇತ. "ಬೆಟ್ಟದೊಳಗೆ ಹಿಮದ ಹರಳಿನ ಗುರುತು ಇರೋದನ್ನೇ ತಗೋ. ಎರಡಲ್ಲ, ನಾಲ್ಕೂ ಚಕ್ರಕ್ಕೆ ಹಾಕಿಸು. ಬೇಸಿಗೆಗೆ ತೆಗೆದಿಡು, ನಾಲ್ಕೈದು ಚಳಿಗಾಲ ಬರುತ್ತೆ" ಅಂದೆ. ಅರ್ಧ ದುಡ್ಡು ನಾನು ಕಳಿಸ್ತೀನಿ ಅಂತಲೂ ಹೇಳಿದೆ.

"ಅಜ್ಜನಿಗೆ ಇದು ಗೊತ್ತಿರಲಿಲ್ವಾ ಮಾವ?" ಅಂತ ಕೇಳಿದ.

"ಇಲ್ಲ ಕಣೋ" ಅಂದೆ. "ಆ ಬೋರಿನಲ್ಲಿ ಮಾತ್ರ ಇವತ್ತಿಗೂ ಒಂದಿಂಚು ನೀರಿದೆ."