ಮೂವತ್ತಕ್ಕೆ ಇಪ್ಪತ್ತೆಂಟು

ಇಟಲಿಯ ಬೊಲೊನ್ಯ ನಗರದಲ್ಲಿ ನಾನಿದ್ದುದು ಐದೇ ತಿಂಗಳು. 2009ನೆಯ ಇಸವಿಯಲ್ಲಿ, ಎರಡು ವಿಶ್ವವಿದ್ಯಾನಿಲಯಗಳ ನಡುವಣ ವಿನಿಮಯ ವ್ಯವಸ್ಥೆಯೊಂದರಲ್ಲಿ, ಇತಿಹಾಸದ ಎಂ.ಎ. ವಿದ್ಯಾರ್ಥಿಯಾಗಿ ಅಲ್ಲಿಗೆ ಹೋಗಿದ್ದೆ. ಹೀಗೆ ಹೋಗಿಬಂದವರು ಸಾಮಾನ್ಯವಾಗಿ ಬರೆಯುವ ಸಂಗತಿಗಳು, ಎಂದರೆ ಚಳಿ, ಹಿಮ, ಸಾರಿಲ್ಲದ ಊಟ, ಅರ್ಥವಾಗದ ಮಾತು, ಇವೆಲ್ಲ ಓದುಗರಿಗೆ ಬೇಕಾದಷ್ಟು ಪರಿಚಿತವಾದವು. ಅವನ್ನೇ ಮತ್ತೆ ಹೇಳಿ ಬೇಸರಪಡಿಸುವ ಇಚ್ಛೆ ನನಗಿಲ್ಲ. ನಾನು ಹೇಳಹೊರಟಿರುವುದು ಒಂದು ಅಂಕದ ಕಥೆ. ಆ ಅಂಕ ಇಪ್ಪತ್ತೆಂಟು. ಅದರ ಹಿಂದೆ ಎಂಟುನೂರೈವತ್ತು ವರ್ಷಗಳ ಚರಿತ್ರೆ ಇದೆಯೆಂಬುದು ನನಗೆ ಮನದಟ್ಟಾದದ್ದು ಪೆಟ್ಟು ತಿಂದ ಮೇಲೆ.

ಬೊಲೊನ್ಯ ಕಮಾನುಗಳ ಊರು. ಅಲ್ಲಿ ಮಳೆಗೆ ಕೊಡೆ ಬೇಡ. ಮನೆಗಳ ಮೇಲಂತಸ್ತು ಬೀದಿಯ ಕಡೆಗೆ ಚಾಚಿಕೊಂಡು, ಅದರ ಕೆಳಗೆ ಕಂಬಗಳ ಸಾಲಿನ ಮೊಗಸಾಲೆ. ಇಂಥ ಮೊಗಸಾಲೆಗಳನ್ನೆಲ್ಲ ಒಟ್ಟು ಸೇರಿಸಿದರೆ ಸುಮಾರು 62 ಕಿಲೋಮೀಟರು ಉದ್ದವಾಗುತ್ತದೆ. ಊರೊಳಗೆ ಜಾಗ ಸಾಲದೆ ಹೋದಾಗ ಮನೆಯವರು ಬೀದಿಯ ಮೇಲಕ್ಕೆ ಕೋಣೆಗಳನ್ನು ಚಾಚಿದರು. ಆ ಕಾಲದಲ್ಲಿ ಊರನ್ನು ತುಂಬಿದವರಲ್ಲಿ ದೂರದೂರುಗಳಿಂದ ಓದಲು ಬಂದವರೂ ಬಹಳ ಮಂದಿ. ನನ್ನ ಬಾಡಿಗೆಯ ಕೋಣೆಯೂ ಒಂದು ಮೊಗಸಾಲೆಯ ಮೇಲೆಯೇ ಇದ್ದಿತು. ಹಾಸಿಗೆಯಲ್ಲಿ ಮಲಗಿದರೆ ಕೆಳಗೆ ಜನ ನಡೆದುಹೋಗುವ ಸಪ್ಪಳ ಕೇಳುತ್ತಿತ್ತು.

ಊರ ನಡುವೆ ಆರ್ಕಿಜಿನ್ನಾಸಿಯೊ ಎಂಬ ಹಳೆಯ ಕಟ್ಟಡವಿದೆ. 1563ರಿಂದ 1803ರವರೆಗೆ ವಿಶ್ವವಿದ್ಯಾನಿಲಯದ ಪಾಠಗಳು ನಡೆದದ್ದು ಅಲ್ಲಿ. ಈಗ ಅದು ನಗರದ ಪುಸ್ತಕ ಭಂಡಾರ. ಅದರ ಗೋಡೆ, ಚಾವಣಿ, ಮೆಟ್ಟಿಲ ಪಕ್ಕ, ಎಲ್ಲೆಲ್ಲೂ ವಿದ್ಯಾರ್ಥಿ ಮುಖಂಡರ ವಂಶಲಾಂಛನಗಳು. ಸುಮಾರು 6,000 ಉಳಿದಿವೆ. ಲಾಂಛನದ ಜೊತೆಗೆ ಹೆಸರು, ಬಂದ ಊರು. ಸಂಜೆ ಹೊತ್ತು ಹೋಗದಿದ್ದಾಗ ನಾನು ಅಲ್ಲಿಗೆ ಹೋಗಿ ಆ ಊರುಗಳ ಹೆಸರನ್ನು ಓದುತ್ತಿದ್ದೆ. ಮನೆಯ ನೆನಪಾಗಿ ಮನಸ್ಸು ಕುಗ್ಗಿದಾಗ ಅದೊಂದು ಸಮಾಧಾನ. ಇಷ್ಟೊಂದು ಮಂದಿ ಪರಸ್ಥಳದವರು ನನಗಿಂತ ಮೊದಲೇ ಬಂದು, ಓದಿ, ಹೋಗಿದ್ದಾರಲ್ಲ!

ಬೊಲೊನ್ಯದ ವಿಶ್ವವಿದ್ಯಾನಿಲಯ ಹುಟ್ಟಿದ್ದು 1088ರಲ್ಲಿ ಎಂಬುದು ರೂಢಿಯಲ್ಲಿರುವ ಎಣಿಕೆ. ಯೂರೋಪಿನಲ್ಲಿ ಅದೇ ಅತ್ಯಂತ ಹಳೆಯದೆಂದು ಹೇಳುತ್ತಾರೆ. ಆದರೆ ಅದು ಹುಟ್ಟಿದ ಬಗೆ ವಿಚಿತ್ರವಾದದ್ದು. ಯಾವ ದೊರೆಯೂ ಅದನ್ನು ಸ್ಥಾಪಿಸಲಿಲ್ಲ. ಲ್ಯಾಟಿನ್ನಿನಲ್ಲಿ ‘ಉನಿವೆರ್ಸಿತಾಸ್’ ಎಂದರೆ ಅಂದು ಒಂದು ಸಂಘ, ನಮ್ಮ ಹಳೆಯ ವರ್ತಕರ ಶ್ರೇಣಿಗಳ ಹಾಗೆ. ನ್ಯಾಯಶಾಸ್ತ್ರ ಓದಲು ಹೊರಗಿನಿಂದ ಬಂದ ವಿದ್ಯಾರ್ಥಿಗಳು ತಮ್ಮ ರಕ್ಷಣೆಗಾಗಿ ಕಟ್ಟಿಕೊಂಡ ಸಂಘ ಅದು. ಬೊಲೊನ್ಯದ ಹುಡುಗರಿಗೆ ಅದರಲ್ಲಿ ಪೂರ್ಣ ಸದಸ್ಯತ್ವವಿರಲಿಲ್ಲ. ಅವರು ಊರಿನ ಪ್ರಜೆಗಳು, ಊರಿನ ಕಾನೂನು ಅವರನ್ನು ಕಾಯುತ್ತಿತ್ತು. ಯಾರೂ ಇಲ್ಲದವರು ಪರಸ್ಥಳದವರು, ವಿಶ್ವವಿದ್ಯಾನಿಲಯ ಅವರದು. ಉಪಾಧ್ಯಾಯರನ್ನು ಗೊತ್ತುಮಾಡಿ ಸಂಬಳ ಕೊಡುತ್ತಿದ್ದವರೂ ಅವರೇ. ಉಪಾಧ್ಯಾಯರು ತಡವಾಗಿ ಪಾಠ ಆರಂಭಿಸಿದರೆ ದಂಡ, ಗಂಟೆ ಬಾರಿಸಿದ ಮೇಲೂ ಮುಂದುವರಿಸಿದರೆ ದಂಡ, ಕಷ್ಟವಾದ ಭಾಗವನ್ನು ಹಾರಿಸಿದರೂ ದಂಡ! ಊರಿನವರು ಕಿರುಕುಳ ಕೊಟ್ಟರೆ ಸಂಘದ ಕೈಯಲ್ಲಿ ಒಂದೇ ಆಯುಧ, ಊರು ಬಿಟ್ಟು ಹೋಗುವುದು. 1222ರಲ್ಲಿ ಹೀಗೆ ಒಂದು ಗುಂಪು ಎದ್ದು ಪದುವಾ ನಗರಕ್ಕೆ ಹೋಯಿತು. ಪದುವಾದ ವಿಶ್ವವಿದ್ಯಾನಿಲಯ ಹುಟ್ಟಿದ್ದು ಹಾಗೆ.

ಇಂಥ ಸಂಘ ಏಕೆ ಬೇಕಾಯಿತೆಂದರೆ, ಅಂದಿನ ಪದ್ಧತಿ ಕ್ರೂರವಾಗಿತ್ತು. ಯಾವನೋ ಒಬ್ಬ ಜರ್ಮನ್ ವ್ಯಾಪಾರಿ ಸಾಲ ತೀರಿಸದೆ ಹೋದನೆನ್ನಿ. ಸಾಲ ಕೊಟ್ಟವನು ಅವನ ಊರಿನವನೇ ಆದ ಇನ್ನೊಬ್ಬನನ್ನು ಹಿಡಿದು ವಸೂಲು ಮಾಡಬಹುದಿತ್ತು. ಬಗಲಲ್ಲಿ ಪುಸ್ತಕ ಹಿಡಿದು ನಡೆಯುತ್ತಿದ್ದ ಬಡ ವಿದ್ಯಾರ್ಥಿ ಕೈಗೆ ಸುಲಭವಾಗಿ ಸಿಕ್ಕುವ ಪ್ರಾಣಿ. ಚಕ್ರವರ್ತಿ ಫ್ರೆಡರಿಕ್ ಬಾರ್ಬರೋಸ 1158ರಲ್ಲಿ ರೋಂಕಾಲಿಯ ಸಭೆಯಲ್ಲಿ ಸಾರಿದ ಶಾಸನ ಇದನ್ನು ನಿಲ್ಲಿಸಿತು. ಅದರ ಮೊದಲ ಮಾತಿನಿಂದ ಅದಕ್ಕೆ ‘ಹಬೀತಾ’ ಎಂದು ಹೆಸರು. ವಿದ್ಯೆಗಾಗಿ ಮನೆ ಬಿಟ್ಟು ಬಂದವರು ನಿರ್ಭಯವಾಗಿ ಹೋಗಿಬರಬೇಕು. ಬೇರೊಬ್ಬನ ಸಾಲಕ್ಕೆ ಅವರನ್ನು ಹಿಡಿಯಕೂಡದು. ಅವರ ಮೇಲೆ ವ್ಯಾಜ್ಯ ಬಂದರೆ ತಮ್ಮ ಗುರುವಿನ ಮುಂದೆಯೋ ಬಿಷಪ್ಪನ ಮುಂದೆಯೋ ವಿಚಾರಣೆಯಾಗಬೇಕೆಂದು ಅವರೇ ಆರಿಸಿಕೊಳ್ಳಬಹುದು. ಇದು ಅದರ ತಾತ್ಪರ್ಯ.

ಈ ಶಾಸನವನ್ನು ನಮಗೆ ಪಾಠ ಹೇಳಿದವರು ಒಬ್ಬ ವಯಸ್ಸಾದ ಉಪಾಧ್ಯಾಯಿನಿ. ಹತ್ತು ಮಂದಿಯ ಗೋಷ್ಠಿ, ಏಳು ದೇಶಗಳ ಹುಡುಗರು. ಒಂದು ದಿನ ಆಕೆ, ನಿಮ್ಮ ನಿಮ್ಮ ನಾಡಿನಲ್ಲಿ ಪರಸ್ಥಳಕ್ಕೆ ಹೋದ ವಿದ್ಯಾರ್ಥಿಯ ಹಳೆಯ ದಾಖಲೆ ಯಾವುದಿದೆ, ಹೇಳಿ ಎಂದರು. ನನಗೆ ಯೋಚಿಸಬೇಕಾಗಲಿಲ್ಲ. ನನ್ನ ತಾಯಿಯ ತವರು ಶಿಕಾರಿಪುರದ ಕಡೆ. ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದಿನ ಕಲ್ಲುಕಂಬವನ್ನು ನಾನು ಚಿಕ್ಕಂದಿನಿಂದಲೇ ಕಂಡವನು. ಕದಂಬರ ಶಾಂತಿವರ್ಮನ ಕಾಲದಲ್ಲಿ, ಐದನೆಯ ಶತಮಾನದಲ್ಲಿ, ಕವಿ ಕುಬ್ಜನು ರಚಿಸಿದ ಸಂಸ್ಕೃತ ಶಾಸನ ಅದರ ಮೇಲಿದೆ. ಮಯೂರಶರ್ಮನು ಗುರು ವೀರಶರ್ಮನೊಂದಿಗೆ ಪಲ್ಲವರ ಕಂಚಿಗೆ ಓದಲು ಹೋಗಿ ಅಲ್ಲಿಯ ಘಟಿಕೆಯನ್ನು ಸೇರಿದನೆಂದೂ, ಅಲ್ಲಿ ಪಲ್ಲವರ ರಾವುತನೊಡನೆ ಕಲಹವಾಗಿ, ಅವಮಾನ ತಾಳಲಾರದೆ, ದರ್ಭೆ ಹಿಡಿಯುತ್ತಿದ್ದ ಕೈಯಲ್ಲಿ ಕತ್ತಿ ಹಿಡಿದನೆಂದೂ ಅದು ಹೇಳುತ್ತದೆ. ನಾಲ್ಕನೆಯ ಶತಮಾನದ ನಡುವೆ ಬನವಾಸಿಯ ಕದಂಬ ರಾಜ್ಯ ಹುಟ್ಟಿತು. ಕನ್ನಡ ನಾಡಿನ ಮೊದಲ ಅರಸುಮನೆಯ ಮೂಲದಲ್ಲಿ ನಿಂತಿರುವವನು ಪರಸ್ಥಳದಲ್ಲಿ ಮಾನ ಕಳೆದುಕೊಂಡ ಒಬ್ಬ ವಿದ್ಯಾರ್ಥಿ.

ನಾನು ಇದನ್ನು ಹರಕು ಮುರುಕಾಗಿ ಹೇಳಿ ಮುಗಿಸಿದಾಗ ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಪಲ್ಲವರಿಗೆ ಒಂದು ಹಬೀತಾ ಇದ್ದಿದ್ದರೆ ನಿಮಗೆ ಆ ರಾಜ್ಯ ಇರುತ್ತಿರಲಿಲ್ಲ” ಎಂದರು. ಅರ್ಧವರ್ಷ ಮುಗಿದಾಗ ಮೌಖಿಕ ಪರೀಕ್ಷೆ ನಡೆಯಿತು. ಅಲ್ಲಿ ಪರೀಕ್ಷೆಯ ಪೂರ್ಣಾಂಕ ಮೂವತ್ತು, ಹದಿನೆಂಟು ಬಂದರೆ ತೇರ್ಗಡೆ. ನನಗೆ ಇಪ್ಪತ್ತೆಂಟು ಬರೆದರು. ಎರಡು ಅಂಕ ಎಲ್ಲಿ ಹೋಯಿತೆಂದು ಕೇಳಿದೆ. “ನಿನ್ನ ಲ್ಯಾಟಿನ್ನಿಗೆ” ಎಂದು ನಕ್ಕರು. ನಾನೂ ನಕ್ಕೆ.

ಊರಿಗೆ ಮರಳಿದ ಮೇಲೆ ನಗು ನಿಂತಿತು. ಅಂಕಪಟ್ಟಿ ಹಿಡಿದು ಇಲ್ಲಿಯ ಕಚೇರಿಗೆ ಹೋದೆ. ಯಾವ ಕಚೇರಿ ಎಂಬುದು ಮುಖ್ಯವಲ್ಲ. ಅಂಥವು ಎಲ್ಲ ಕಡೆಯೂ ಇವೆ. ಗುಮಾಸ್ತರು ಕನ್ನಡಕ ಏರಿಸಿ ನೋಡಿ, “ಏನ್ರೀ ಇದು, ಇಪ್ಪತ್ತೆಂಟು? ನಲವತ್ತಕ್ಕೆ ತಾನೇ ಪಾಸು?” ಎಂದರು.

“ಮೂವತ್ತಕ್ಕೆ ಇಪ್ಪತ್ತೆಂಟು, ಸಾರ್.”

“ಮೂವತ್ತಕ್ಕೆ ಯಾರ್ರೀ ಪರೀಕ್ಷೆ ಮಾಡ್ತಾರೆ?”

ಸುತ್ತ ನಿಂತಿದ್ದವರು ನಕ್ಕರು. ಮೇಲಿನ ಅಧಿಕಾರಿಗಳು ಸಂಭಾವಿತರು, ಕುಳ್ಳಿರಿಸಿ ಮಾತಾಡಿದರು. ಆದರೆ ಆ ವಿಷಯದ ಹೆಸರು ನಮ್ಮ ಪಠ್ಯಕ್ರಮದಲ್ಲಿ ಇಲ್ಲ. ಹುಡುಗರನ್ನು ಕಳುಹಿಸುವ ಬಗ್ಗೆ ಒಪ್ಪಂದವಿದೆಯೇ ಹೊರತು ಅಂಕವನ್ನು ಒಪ್ಪುವ ಬಗ್ಗೆ ನಿಯಮವಿಲ್ಲ. ಕೊನೆಗೆ ಮಾರನೆಯ ವರ್ಷ ಕಿರಿಯರೊಂದಿಗೆ ಕುಳಿತು ಆ ಪರೀಕ್ಷೆಗಳನ್ನೆಲ್ಲ ಬರೆದೆ. ಒಂದು ವರ್ಷ ಹೋಯಿತು. ಆ ವರ್ಷ ಕರೆದಿದ್ದ ಉಪನ್ಯಾಸಕ ಹುದ್ದೆಗಳಿಗೆ ಅರ್ಜಿ ಹಾಕಲಾಗಲಿಲ್ಲ. ನನ್ನ ತಾಯಿ ಹೆಚ್ಚು ಓದಿದವರಲ್ಲ. ಅವರು ಕೇಳಿದ್ದು ಒಂದೇ ಪ್ರಶ್ನೆ: “ಅಲ್ಲಿ ಪಾಸಾದವನು ಇಲ್ಲಿ ಯಾಕಪ್ಪಾ ಮತ್ತೆ ಬರೀಬೇಕು? ಅಲ್ಲಿ ಓದಿದ್ದು ದಾರೀಲಿ ಉದುರಿಹೋಯ್ತಾ?”

ಈ ಪ್ರಶ್ನೆಯನ್ನು ನನಗಿಂತ ಅರ್ಧ ಶತಮಾನ ಮೊದಲೇ ಕೇಳಿದ್ದ ಒಬ್ಬಾಕೆಯ ವಿಷಯ ನನಗೆ ತಿಳಿದುಬಂದದ್ದು ಆಮೇಲೆ. ಆಕೆ ರೋಮ್ ನಗರದ ಸೋಫಿಯಾ ಕೊರ್ರಾದಿ. ನ್ಯಾಯಶಾಸ್ತ್ರದ ವಿದ್ಯಾರ್ಥಿನಿಯಾಗಿದ್ದ ಆಕೆ ಫುಲ್‌ಬ್ರೈಟ್ ವಿದ್ಯಾರ್ಥಿವೇತನದ ಮೇಲೆ ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾನಿಲಯಕ್ಕೆ ಹೋಗಿ, ತೌಲನಿಕ ನ್ಯಾಯಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದು 1958ರಲ್ಲಿ ಮರಳಿದರು. ಅಲ್ಲಿಯ ಓದನ್ನು ತಮ್ಮ ಇಟಲಿಯ ಪದವಿಗೆ ಲೆಕ್ಕ ಹಿಡಿಯಬೇಕೆಂದು ಕೇಳಿದಾಗ ಒಪ್ಪಲಿಲ್ಲ. ಒಪ್ಪದಿದ್ದುದು ಮಾತ್ರವಲ್ಲ, ಮೋಜಿಗಾಗಿ ಸುತ್ತಿ ಬಂದವಳೆಂಬಂತೆ ಎಲ್ಲರೆದುರಿಗೆ ಗದರಿಸಿದರು. ಮಯೂರಶರ್ಮನಿಗೆ ಪರಸ್ಥಳದಲ್ಲಿ ಆದ ಅವಮಾನ ಈಕೆಗೆ ಸ್ವಸ್ಥಳದಲ್ಲಿ ಆಯಿತು.

ಆಕೆ ಹಿಡಿದದ್ದು ಕತ್ತಿಯಲ್ಲ, ಲೇಖನಿ. ಮುಂದೆ ಇಟಲಿಯ ವಿಶ್ವವಿದ್ಯಾನಿಲಯ ಮುಖ್ಯಸ್ಥರ ಮಂಡಲಿಗೆ ಸಲಹೆಗಾರರಾಗಿ ಸೇರಿದಾಗ, ಹೊರದೇಶದಲ್ಲಿ ಓದಿದ ಅವಧಿಯನ್ನು ಸ್ವದೇಶದಲ್ಲಿ ಮಾನ್ಯಮಾಡಬೇಕೆಂಬ ಟಿಪ್ಪಣಿಯೊಂದನ್ನು 1969ರಲ್ಲಿ ಬರೆದರು. ಆಮೇಲೆ ಹದಿನೆಂಟು ವರ್ಷ ಮಂತ್ರಿಗಳಿಗೆ, ಪ್ರಾಧ್ಯಾಪಕರಿಗೆ ಅದನ್ನೇ ಹೇಳಿದರು. ಅನೇಕರ ಪ್ರಯತ್ನವೂ ಸೇರಿ, 1987ರ ಜೂನ್ 15ರಂದು ಯೂರೋಪಿನ ಸಮುದಾಯ ಎರಾಸ್ಮಸ್ ಎಂಬ ವಿನಿಮಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಹೆಸರು ಡಚ್ ಪಂಡಿತ ಎರಾಸ್ಮಸ್ಸನದು. ಆತನೂ ಊರೂರು ಅಲೆದು ಕಲಿತವನೇ. 1506ರಲ್ಲಿ ತೂರಿನ್ನಿನಲ್ಲಿ ಡಾಕ್ಟರ್ ಪದವಿ ಪಡೆದು ಬೊಲೊನ್ಯದಲ್ಲಿಯೂ ಕೆಲಕಾಲ ಇದ್ದವನು. ಮೊದಲ ವರ್ಷ ಹನ್ನೊಂದು ದೇಶಗಳ 3,244 ವಿದ್ಯಾರ್ಥಿಗಳು ಹೋಗಿಬಂದರು. ಅಲ್ಲಿಂದೀಚೆಗೆ ಆ ಯೋಜನೆಯಲ್ಲಿ ಪಾಲುಗೊಂಡವರ ಸಂಖ್ಯೆ ಒಂದೂವರೆ ಕೋಟಿಯನ್ನು ಮೀರಿದೆ. ಕೊರ್ರಾದಿಯವರಿಗೆ ‘ಎರಾಸ್ಮಸ್ಸಿನ ತಾಯಿ’ ಎಂಬ ಹೆಸರೇ ಬಂತು.

ಆ ಯೋಜನೆಯಲ್ಲಿ ಹಣದ ಸಹಾಯವಿದೆ ಎಂಬುದೇನೋ ನಿಜ. ಆದರೆ ಅದರ ಜೀವ ಇರುವುದು ಬೇರೆಡೆ. ಹಿಂದೆ ನಮ್ಮ ಪೇಟೆಗಳಲ್ಲಿ ಚಿನಿವಾರರ ಕಟ್ಟೆಗಳಿದ್ದವು. ಬೇರೆ ಬೇರೆ ರಾಜ್ಯದ ನಾಣ್ಯಗಳನ್ನು ತಂದವನಿಗೆ ತೂಕ ನೋಡಿ, ಬೆಲೆ ಕಟ್ಟಿ, ಈ ಊರಿನಲ್ಲಿ ನಡೆಯುವ ಹಣ ಕೊಡುತ್ತಿದ್ದರು. ವಿದ್ಯೆಗೆ ಅಂಥ ಕಟ್ಟೆ ಇರಲಿಲ್ಲ. 1989ರಿಂದ ಯೂರೋಪಿನಲ್ಲಿ ಅದನ್ನು ಕಟ್ಟಿದರು. ಒಂದು ವರ್ಷದ ಓದು ಎಲ್ಲಿ ಓದಿದರೂ 60 ಕ್ರೆಡಿಟ್ಟು. ಮೊದಲೇ ಒಪ್ಪಂದವಾದ ವಿಷಯವನ್ನು ಅಲ್ಲಿ ಗಳಿಸಿದರೆ ಇಲ್ಲಿ ಲೆಕ್ಕಕ್ಕೆ ಸೇರುತ್ತದೆ. 1999ರ ಜೂನ್ 19ರಂದು 29 ದೇಶಗಳ ಪ್ರತಿನಿಧಿಗಳು ಪದವಿಗಳನ್ನು ಪರಸ್ಪರ ಹೊಂದಿಸಿಕೊಳ್ಳುವ ಘೋಷಣೆಗೆ ಸಹಿ ಹಾಕಿದರು. ಸಹಿ ಬಿದ್ದ ಊರು ಬೊಲೊನ್ಯ. ನಾನು ಅದೇ ಊರಿನಲ್ಲಿ ಹತ್ತು ವರ್ಷದ ಅನಂತರ ಓದಿ, ಅಲ್ಲಿಯ ನಾಣ್ಯವನ್ನು ಕಟ್ಟೆಯಿಲ್ಲದ ಪೇಟೆಗೆ ತಂದೆ!

ಗುಮಾಸ್ತರನ್ನು ನಾನು ದೂರಲಾರೆ. ಕಂಡ ಕಾಗದಕ್ಕೆಲ್ಲ ಮುದ್ರೆ ಒತ್ತಿದರೆ ಪದವಿಗೆ ಬೆಲೆ ಉಳಿಯುವುದಿಲ್ಲ. ಖೋಟಾ ನಾಣ್ಯವನ್ನು ಚಿನಿವಾರನೂ ಎಸೆಯುತ್ತಿದ್ದ. ಆದರೆ ಎಸೆಯುವ ಮೊದಲು ಅವನು ತೂಗಿ ನೋಡುತ್ತಿದ್ದ. ಪರಸ್ಥಳದ ವಿದ್ಯಾರ್ಥಿಗೆ ಬೇಕಾದದ್ದು ಎರಡು: ಅಲ್ಲಿ ಅವನ ಮೈಗೆ ರಕ್ಷಣೆ, ಇಲ್ಲಿ ಅವನ ಓದಿಗೆ ಮನ್ನಣೆ. ಮೊದಲನೆಯದನ್ನು 1158ರಲ್ಲಿ ಚಕ್ರವರ್ತಿಯೊಬ್ಬ ಒಂದು ಶಾಸನದಿಂದ ಕೊಟ್ಟ. ಎರಡನೆಯದನ್ನು ಯಾವ ಚಕ್ರವರ್ತಿಯೂ ಕೊಡಲಾರ. ಕಾಣದ ಊರಿನ ಒಬ್ಬ ಉಪಾಧ್ಯಾಯನ ಮಾತನ್ನು ಈ ಊರಿನ ಉಪಾಧ್ಯಾಯ ನಂಬಬೇಕು. ಅದಕ್ಕೇ ಇನ್ನೂ ಎಂಟುನೂರು ವರ್ಷ ಹಿಡಿಯಿತು. ನಮ್ಮಲ್ಲಿ 2021ರಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ ಕ್ರೆಡಿಟ್ಟುಗಳನ್ನು ಬ್ಯಾಂಕಿನಲ್ಲಿಟ್ಟಂತೆ ಇಟ್ಟುಕೊಂಡು, ದೇಶದೊಳಗೆ ಒಂದು ಸಂಸ್ಥೆಯಿಂದ ಇನ್ನೊಂದಕ್ಕೆ ಒಯ್ಯುವ ನಿಯಮ ಮಾಡಿತು. ಕಟ್ಟೆಗೆ ಕಲ್ಲು ಬಿದ್ದಿದೆ.

ನಾನೀಗ ಪಾಠ ಹೇಳುವ ಕಡೆ, ಹೊರಗೆ ಓದಿ ಬಂದವರ ಅಂಕಪಟ್ಟಿಗಳು ಕೆಲವೊಮ್ಮೆ ನನ್ನ ಮೇಜಿಗೂ ಬರುತ್ತವೆ. ಹೋದ ಸಲ ಜರ್ಮನಿಯಿಂದ ಮರಳಿದ ಒಬ್ಬ ಹುಡುಗಿ ಬಂದಿದ್ದಳು. ಪಕ್ಕದ ಮೇಜಿನ ಮಿತ್ರರು ಕಾಗದ ನೋಡಿ, “1.3 ಅಂತೆ! ಹತ್ತಕ್ಕೆ ಇಷ್ಟೇನಾ?” ಎಂದರು. ಅಲ್ಲಿಯ ಲೆಕ್ಕ ತಿರುಗುಮುರುಗು. 1 ಎಂದರೆ ಎಲ್ಲಕ್ಕಿಂತ ಮೇಲು, 4 ದಾಟಿದರೆ ನಪಾಸು. ಹುಡುಗಿಯ ಮುಖ ಕೆಂಪಾಗಿತ್ತು. ನಾನು ಕುರ್ಚಿ ಎಳೆದುಕೊಟ್ಟು, “ಕೂತುಕೊಳ್ಳಮ್ಮ, ಅಲ್ಲಿ ಎಣಿಸೋದು ಹೇಗೆ, ನೀನೇ ಹೇಳು” ಎಂದೆ.