ನಿಯಮದಿಂದ ನುಡಿರಾಶಿಗೆ: ಯಂತ್ರ ಕನ್ನಡ ಕಲಿತ ದಾರಿ

ಕೃತಕ ಬುದ್ಧಿಮತ್ತೆ ಎಂಬ ಹೆಸರನ್ನು ಜಾನ್ ಮೆಕಾರ್ಥಿ ಮತ್ತು ಸಂಗಡಿಗರು 1955ರಲ್ಲಿ, ಮರುವರ್ಷದ ಡಾರ್ಟ್‌ಮತ್ ಕಾರ್ಯಾಗಾರದ ಪ್ರಸ್ತಾವದಲ್ಲಿ ಬಳಸಿದರು. ತಿಳಿವನ್ನು ನಿಯಮಗಳಾಗಿ ಬರೆದುಕೊಟ್ಟರೆ ಯಂತ್ರ ಅದರಂತೆ ತರ್ಕಿಸೀತು ಎಂಬ ನಂಬಿಕೆ ಬಹುಕಾಲ ಆಳಿತು. ಕನ್ನಡವೂ ಈ ಹಾದಿ ತುಳಿದಿದೆ: ಕಾನ್ಪುರದ ಐಐಟಿಯಲ್ಲಿ ವಿನೀತ ಚೈತನ್ಯ, ರಾಜೀವ್ ಸಂಗಲ್ ಅವರ ತಂಡ ರೂಪಿಸಿದ ‘ಅನುಸಾರಕ’ದ ಆರಂಭದ ಕೆಲಸ ನಡೆದದ್ದು ಕನ್ನಡ–ಹಿಂದಿ ಜೋಡಿಯ ಮೇಲೆ. ಪದವನ್ನು ಪ್ರಕೃತಿ, ಪ್ರತ್ಯಯಗಳಾಗಿ ಬಿಡಿಸಿ ಒಂದೊಂದಕ್ಕೂ ಹಿಂದಿಯ ರೂಪ ಹೊಂದಿಸುವುದು ಅದರ ಕ್ರಮ. ‘ಮಾಡುತ್ತಿದ್ದಾನೆ’ ಎಂಬುದನ್ನು ಹೀಗೆ ಬಿಡಿಸಬಹುದು. ಗೋಕಾಕ, ಮೂಡಲಗಿ, ಕೌಜಲಗಿ ಸೀಮೆಯ ‘ಮಾಡಾಕತ್ತಾನ’ ಎದುರಾದರೆ ಬೇರೆಯೇ ನಿಯಮ ಬೇಕು. ಆಡುನುಡಿಯ ಹರವನ್ನು ಕೈಯಾರೆ ಬರೆದು ಮುಗಿಸಲಾಗದೆ ಆ ಕ್ರಮ ಹಿಂದೆ ಸರಿಯಿತು.

ಯಂತ್ರಕಲಿಕೆಯಲ್ಲಿ ನಿಯಮದ ಬದಲು ಉದಾಹರಣೆ ಕೊಡುತ್ತಾರೆ. ಆ ಉದಾಹರಣೆಗಳ ರಾಶಿಯೇ ದತ್ತಾಂಶ. ಅದನ್ನು ನೋಡುತ್ತ, ತಪ್ಪು ಕಡಿಮೆಯಾಗುವಂತೆ ತನ್ನೊಳಗಿನ ಸಂಖ್ಯೆಗಳನ್ನು ಬದಲಿಸಿಕೊಳ್ಳುವ ಗಣಿತರಚನೆ ಮಾದರಿ. ಬದಲಿಸುವ ಕೆಲಸ ತರಬೇತಿ. ಆದ್ದರಿಂದ ಕನ್ನಡದ ಪ್ರಶ್ನೆ ಯಂತ್ರದ ಜಾಣತನಕ್ಕಿಂತ ರಾಶಿಯ ಹರವಿನದು. ಪೆಟ್ಟು ಬಿದ್ದದ್ದೂ ಅಲ್ಲಿಯೇ. 1991ರಲ್ಲೇ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಸ್ಥಾನ ಸಿಕ್ಕಿತ್ತು. ಆದರೂ ನಮ್ಮ ಕಚೇರಿಗಳು, ಮುದ್ರಣಾಲಯಗಳು ವರ್ಷಗಟ್ಟಲೆ ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟ್ ಸಂಕೇತದಲ್ಲೇ ಟೈಪ್ ಮಾಡಿದವು. ಪರದೆಯ ಮೇಲೆ ಕನ್ನಡವಾಗಿ ಕಂಡದ್ದು ಕಡತದೊಳಗೆ ಲ್ಯಾಟಿನ್ ಗುರುತುಗಳ ಸಾಲು. ಪರಿವರ್ತಿಸದ ಹೊರತು ಮಾದರಿಗೆ ಅದು ಕನ್ನಡವೇ ಅಲ್ಲ. ಆ ತಂತ್ರಾಂಶಗಳನ್ನು ದೂರುವುದು ಮಾತ್ರ ಅನ್ಯಾಯ. ಕನ್ನಡವನ್ನು ಗಣಕದ ಬಳಕೆಗೆ ತಂದದ್ದರಲ್ಲಿ ಅವುಗಳ ಪಾಲು ದೊಡ್ಡದು. ರಾಶಿ ಎಷ್ಟು ಕಿರಿದೆಂದು ನೋಡಿ: 2011ರ ಜನಗಣತಿಯಂತೆ ಕನ್ನಡ ತಾಯ್ನುಡಿಯವರು 4.37 ಕೋಟಿ. ಕನ್ನಡ ವಿಕಿಪೀಡಿಯದ ಲೇಖನಗಳು 30 ಸಾವಿರ ದಾಟಿದ್ದರೆ, ಇಂಗ್ಲಿಷಿನವು 60 ಲಕ್ಷ ದಾಟಿವೆ.

2017ರ ಟ್ರಾನ್ಸ್‌ಫಾರ್ಮರ್ ವಿನ್ಯಾಸದ ಬಳಿಕ ಬಂದ ಬೃಹತ್ ಭಾಷಾಮಾದರಿಗಳು ಪಠ್ಯವನ್ನು ಟೋಕನ್ ಎಂಬ ತುಣುಕುಗಳಾಗಿ ಓದುತ್ತವೆ. ಯುಟಿಎಫ್-8ರಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್, ಕನ್ನಡದ ಪ್ರತಿ ಸಂಕೇತಕ್ಕೆ 3. ‘ಕನ್ನಡ’ ಎಂಬ ಪದಕ್ಕೇ 15. ಇಂಗ್ಲಿಷ್ ತುಂಬಿದ ರಾಶಿಯಿಂದ ಮಾಡಿದ ಟೋಕನ್ ಪಟ್ಟಿ ನಮ್ಮ ಪದಗಳನ್ನು ಚೂರು ಮಾಡುತ್ತದೆ, ಅದೇ ಮಾತಿಗೆ ಖರ್ಚೂ ಹೆಚ್ಚುತ್ತದೆ. ಬಹುಭಾಷಾ ಮಾದರಿ ಒಂದು ನುಡಿಯಲ್ಲಿ ಕಲಿತದ್ದನ್ನು ಇನ್ನೊಂದಕ್ಕೆ ಒಯ್ಯುತ್ತದೆ, ಹೀಗಾಗಿ ಕನ್ನಡದ ದತ್ತಾಂಶ ಕಡಿಮೆಯಿದ್ದರೂ ನಡೆಯುತ್ತದೆ ಎನ್ನುವವರಿದ್ದಾರೆ. ಲೋಕದ ಸಾಮಾನ್ಯ ಸಂಗತಿಗಳ ಮಟ್ಟಿಗೆ ಇದು ನಿಜ. ಆದರೆ ಕೌಜಲಗಿ ನಿಂಗಮ್ಮನವರು ಹೆಸರಾದ ಶ್ರೀಕೃಷ್ಣ ಪಾರಿಜಾತವೆಂಬ ಜನಪದ ಆಟದ ಮಾತಿನ ವರಸೆ ಇಂಗ್ಲಿಷ್ ರಾಶಿಯಿಂದ ಹೇಗೆ ಬಂದೀತು? ಅದು ಬಾಯಿಂದ ಬಾಯಿಗೆ, ರಾತ್ರಿಯಿಡೀ ನಡೆಯುವ ಆಟದಲ್ಲಿ ಉಳಿದುಬಂದದ್ದು. ಶಿಷ್ಟ ಕನ್ನಡವೊಂದಿದ್ದರೆ ಸಾಕು ಎಂಬ ವಾದವೂ ಉಂಟು. ಓದಿಗೆ ಸಾಕು. ಕಬ್ಬಿನ ಬಾಕಿಯನ್ನೋ ಬೆಳೆವಿಮೆಯನ್ನೋ ಫೋನಿನಲ್ಲಿ ವಿಚಾರಿಸುವ ರೈತ ಪಠ್ಯಪುಸ್ತಕದಂತೆ ಮಾತಾಡುವುದಿಲ್ಲ, ಮಾತಾಡಬೇಕೆಂದು ಕೇಳುವ ಹಕ್ಕು ಯಂತ್ರಕ್ಕಿಲ್ಲ.

2022ರಲ್ಲಿ ಕೇಂದ್ರ ಸರ್ಕಾರದ ಭಾಷಾ ಅನುವಾದ ಯೋಜನೆ ‘ಭಾಷಿಣಿ’ ಬಂತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ಜೊತೆ ಕೈಗೊಂಡ ‘ವಾಣಿ’ ಯೋಜನೆ 773 ಜಿಲ್ಲೆಗಳ ಮಾತನ್ನು ಸಂಗ್ರಹಿಸುವ ಗುರಿ ಇಟ್ಟುಕೊಂಡಿತು. ಭಾಷೆಯ ಹೆಸರಿಗಿಂತ ಜಿಲ್ಲೆಯನ್ನು ಘಟಕವಾಗಿ ಹಿಡಿದದ್ದು ಇದುವರೆಗಿನ ಅತ್ಯಂತ ವಿವೇಕದ ನಡೆ ಎಂದು ನನ್ನ ಎಣಿಕೆ. ಇದೇ ವಿವೇಕ ಪರೀಕ್ಷೆಗೂ ಬರಬೇಕು. ತರಬೇತಿಯಲ್ಲಿ ತೋರಿಸದೆ ಬದಿಗಿಟ್ಟ ಪರೀಕ್ಷಾ ದತ್ತಾಂಶದ ಮೇಲೆ ಮಾದರಿಯ ತಪ್ಪುಗಳನ್ನು ಎಣಿಸುತ್ತಾರೆ. ಆ ದತ್ತಾಂಶ ಬೆಂಗಳೂರು, ಮೈಸೂರಿನ ದನಿಗಳದ್ದೇ ಆದರೆ ಬಂದ ಅಂಕ ಅಲ್ಲಿಗಷ್ಟೇ ಸಲ್ಲುತ್ತದೆ. ‘ಕನ್ನಡ ಬಲ್ಲದು’ ಎನ್ನುವ ಯಾವುದೇ ಸೇವೆ ಬೆಳಗಾವಿ, ಬೀದರ, ಚಾಮರಾಜನಗರ, ಕಾಸರಗೋಡುಗಳಲ್ಲಿ ತನ್ನ ತಪ್ಪಿನ ಪ್ರಮಾಣವನ್ನು ಬೇರೆ ಬೇರೆಯಾಗಿ ಪ್ರಕಟಿಸಬೇಕು. ಸಾರ್ವಜನಿಕ ಹಣದಿಂದ ಕೊಳ್ಳುವ ಸೇವೆಗಾದರೂ ಸರ್ಕಾರ ಇದನ್ನು ಟೆಂಡರಿನ ಷರತ್ತಾಗಿಸಬಹುದು.